ಕೈಬಿಡಲು ಕಾರಣ

ಎರಡು ಸರಳು ಬೇಗ ಮುರಿದಿವೆ ಎಂದು ಕಿರಿಯ ಎಂಜಿನಿಯರ್ ಹಿಂದಿನ ಸಂಜೆ ಫೋನಿನಲ್ಲಿ ಹೇಳಿದಾಗ ಅವನಿಗೆ ಆದದ್ದು ಆಶ್ಚರ್ಯವಲ್ಲ, ಸಿಕ್ಕಿಬಿದ್ದವನ ಮುಜುಗರ. 'ಹೌದಾ' ಎಂದಿದ್ದ. ಆ 'ಹೌದಾ' ತುಸು ತಡವಾಗಿ ಬಂದಿತ್ತು. ಬೆಳಿಗ್ಗೆ ಗಡ್ಡಕ್ಕೆ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತವನು ಆ ತಡವನ್ನೇ ಅಳೆಯುತ್ತಿದ್ದ. ಅರ್ಧ ಸೆಕೆಂಡು ಇದ್ದೀತು. ಅಷ್ಟರಲ್ಲಿ ಆ ಎಂಜಿನಿಯರ್ ಹುಡುಗಿಗೆ ಏನಾದರೂ ಹೊಳೆದಿರಬಹುದೆ? ಮೂಸೆಯಲ್ಲಿ ಕರಗಿದ ಲೋಹದ ಗುಣ ತಿಳಿಯಲು ಅದೇ ಲೋಹದಿಂದ ಹೆಬ್ಬೆರಳು ದಪ್ಪದ ಸರಳುಗಳನ್ನು ಎರೆದು, ಯಂತ್ರಕ್ಕೆ ಸಿಕ್ಕಿಸಿ, ಮುರಿಯುವ ತನಕ ಎಳೆಯುತ್ತಾರೆ. ಹನ್ನೆರಡರಲ್ಲಿ ಹತ್ತು ಸರಳು ಹತ್ತೂವರೆಯಿಂದ ಹನ್ನೆರಡು ಪರ್ಸೆಂಟ್ ಹಿಗ್ಗಿ ಆಮೇಲೆ ಮುರಿದಿದ್ದವು. ಉಳಿದೆರಡು ಮೂರರ ಆಸುಪಾಸಿನಲ್ಲೇ ಪಟ್ಟನೆ ಕಡಿದಿದ್ದವು. ಗಾಲಿಕುರ್ಚಿಯ ಮುಂದಿನ ಪುಟ್ಟ ಚಕ್ರಗಳನ್ನು ಹಿಡಿದುಕೊಳ್ಳುವ ಕವಲಿಗೆ ಬೇಕಾಗಿದ್ದ ಮೆಗ್ನೀಸಿಯಂ ಅದು. ಕುರ್ಚಿ ಮಾಡುವ ಕಂಪನಿಯವರು ಒಂದೇ ಷರತ್ತು ಹಾಕಿದ್ದರು: ಪ್ರತಿಯೊಂದು ಸರಳೂ ಮುರಿಯುವ ಮುನ್ನ ಕನಿಷ್ಠ ಐದು ಪರ್ಸೆಂಟ್ ಉದ್ದವಾಗಬೇಕು. ಈ ಸಂಜೆ ನಾಲ್ಕು ಗಂಟೆಯೊಳಗೆ ಅವನು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು.

"ರೀ, ನೊರೆ ಒಣಗ್ತಾ ಇದೆ," ಎಂದಳು ಹೆಂಡತಿ ಬಚ್ಚಲ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು. "ಯೋಚ್ನೆ ಮಾಡೋದಾದ್ರೆ ಮುಖ ತೊಳ್ಕೊಂಡು ಮಾಡಿ. ನಂಗೂ ಹೊತ್ತಾಗುತ್ತೆ."

"ಇವತ್ತೊಂದು ಸಹಿ ಹಾಕೋದಿದೆ."

"ದಿನಾ ಹಾಕ್ತೀರಲ್ಲ."

"ಇದು ಬೇರೆ."

"ಬೇರೆ ಅಂದ್ರೆ? ಪಕ್ಕದ ಮನೆಯವರ ಹೆಸರು ಬರೀತೀರಾ?"

ನಗಲು ಹೋಗಿ ಗದ್ದ ಕೊಯ್ದುಕೊಂಡ. ರಕ್ತ ನೊರೆಯಲ್ಲಿ ಹರಡುವುದನ್ನು ನೋಡುತ್ತ ನಿಂತವನಿಗೆ ಇದೇ ಮನೆಯಲ್ಲಿ ಹನ್ನೊಂದು ವರ್ಷದ ಹಿಂದೆ ಕೊಟ್ಟ ಊಟ ನೆನಪಾಯಿತು. ಈ ಲೋಹದ ಬಗ್ಗೆ ಅವನು ಬರೆದ ಪ್ರಬಂಧ ಅಚ್ಚಾದ ವಾರ ಅದು. ಎರಕದ ಕಾರ್ಖಾನೆಯ ಅರ್ಧಕ್ಕರ್ಧ ಜನ ಬಂದಿದ್ದರು, ಕುರ್ಚಿ ಸಾಲದೆ ಹಾಸಿಗೆಯ ಮೇಲೆಲ್ಲ ಕೂತಿದ್ದರು. ಎಲ್ಲರೂ ಹೋದ ಮೇಲೆ ಹೆಂಡತಿ ಮಿಕ್ಕ ತಟ್ಟೆಗಳನ್ನು ಒಂದರ ಮೇಲೊಂದು ಇಡುತ್ತ, "ಎರಕದಣ್ಣ ಬರ್ಲಿಲ್ವಾ?" ಎಂದು ಕೇಳಿದ್ದಳು. ಈ ಮನೆಗೆ ಬಂದ ದಿನ ಫ್ರಿಜ್ಜನ್ನು ಹಗ್ಗ ಬಿಗಿದು ಬೆನ್ನ ಮೇಲೆ ಹೊತ್ತು ಎರಡು ಮಹಡಿ ಹತ್ತಿಸಿ, ಒಂದು ಲೋಟ ನೀರು ಕುಡಿದು, ಹಣೆ ಒರೆಸಿಕೊಂಡು ಹೋಗಿದ್ದ ಆ ಮನುಷ್ಯನನ್ನು ಅವಳು ಮರೆತಿರಲಿಲ್ಲ. "ಅವರಿಗೆ ಪಾಳಿ ಇತ್ತು," ಎಂದಿದ್ದ ಅವನು. ಪಾಳಿ ಇರಲಿಲ್ಲ. ಕರೆದೇ ಇರಲಿಲ್ಲ. ಅದೇ ವಾರ ಎರಕದಣ್ಣನನ್ನು ಮೂಸೆಯ ಕೆಲಸದಿಂದ ತೆಗೆದು ಉಗ್ರಾಣಕ್ಕೆ ಹಾಕಿದ್ದರು. ಸುಳ್ಳಿಗಿಂತ ಹೆಚ್ಚಾಗಿ ಅವನನ್ನು ಈಗ ಚುಚ್ಚಿದ್ದು ಅದು ಬಾಯಿಗೆ ಬಂದ ಸಲೀಸು. ನಿನ್ನೆಯ 'ಹೌದಾ'ಗೆ ಬೇಕಾದ ಅರ್ಧ ಸೆಕೆಂಡು ಕೂಡ ಆಗ ಬೇಕಾಗಿರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಮುಂದಿನ ಸೀಟಿನ ಹೆಂಗಸು ಇಸ್ಪೀಟು ಎಲೆಗಳ ಕಟ್ಟನ್ನು ಮಗುವಿಗೆ ಆಡಲು ಕೊಟ್ಟಿದ್ದಳು. ಮಗು ಕಟ್ಟನ್ನು ಒತ್ತುತ್ತಿತ್ತು, ಎಲೆಗಳು ಒಂದರ ಮೇಲೊಂದು ಜಾರುತ್ತಿದ್ದವು. ಹೊಸಬರಿಗೆ ಪಾಠ ಹೇಳುವಾಗ ಅವನು ಬಳಸುವ ಉದಾಹರಣೆಯೂ ಅದೇ. ಬಾಗುವ ಲೋಹದ ಒಳಗೆ ಪದರುಗಳು ಜಾರುತ್ತವೆ. ಅಲ್ಯೂಮಿನಿಯಂನಲ್ಲಿ ಎತ್ತೆತ್ತಲೋ ಜಾರಬಹುದು, ಮೆಗ್ನೀಸಿಯಂನಲ್ಲಿ ಹೆಚ್ಚಾಗಿ ಒಂದೇ ದಿಕ್ಕಿನ ಪದರುಗಳು ಜಾರುತ್ತವೆ, ಇಸ್ಪೀಟು ಕಟ್ಟಿನ ಹಾಗೆ. ಕಟ್ಟನ್ನು ಅಡ್ಡ ಬಗ್ಗಿಸಲು ಹೋದರೆ ಹರಿಯುತ್ತದೆ. ಅಷ್ಟು ಹಗುರವಾದ ಲೋಹ, ಆದರೆ ಮುರಿಯುವ ಮುಂಚೆ ಸೂಚನೆ ಕೊಡುವ ಸೌಜನ್ಯವಿಲ್ಲ. ಬಲ ಕೂಡಿಸಲು ಹೋದರೆ ಹಿಗ್ಗು ಕಡಿಮೆಯಾಗುತ್ತದೆ, ಹಿಗ್ಗು ಕೂಡಿಸಲು ಹೋದರೆ ಬಲ ಇಳಿಯುತ್ತದೆ. ಎರಡನ್ನೂ ಒಟ್ಟಿಗೆ ಎತ್ತಲು ಇರುವ ದಾರಿ ಲೋಹದೊಳಗಿನ ಹರಳುಕಣಗಳನ್ನು ಸಣ್ಣದಾಗಿಸುವುದು. ಅದಕ್ಕೆ ಕರಗಿದ ಲೋಹಕ್ಕೆ ಚಿಟಿಕೆ ಜಿರ್ಕೋನಿಯಂ ಬೆರೆಸಿ ಕಲಕುತ್ತಾರೆ. ಜಿರ್ಕೋನಿಯಂ ಭಾರ, ನಿಲ್ಲಿಸಿದರೆ ತಳಕ್ಕೆ ಇಳಿಯುತ್ತದೆ. ಆದರೆ ಕಲಕುವಾಗ ಲೋಹದ ಮೇಲಿನ ತೆಳು ಪೊರೆ, ಕಾದ ಹಾಲಿನ ಕೆನೆಯಂಥದು, ಹರಿದು ಮಡಿಚಿ ಒಳಗೆ ಹೋಗಿರುತ್ತದೆ. ಅದೂ ತಳಕ್ಕೆ ಇಳಿಯಬೇಕಾದರೆ ಹೊತ್ತು ಬೇಕು. ಬೇಗ ಎರೆದರೆ ಕಣ ಸಣ್ಣದು, ಕೆನೆ ಒಳಗೆ. ಕಾದು ಎರೆದರೆ ಕೆನೆ ಕೆಳಗೆ, ಕಣ ದಪ್ಪ. ಹಳೆಯ ಪದ್ಧತಿಯಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸುತ್ತಿದ್ದರು, ಏಳು ಪರ್ಸೆಂಟ್ ಬರುತ್ತಿತ್ತು. ಅವನು ಎಂಟು ನಿಮಿಷಕ್ಕೆ ಇಳಿಸಿ ಹನ್ನೊಂದು ತೆಗೆದಿದ್ದ. ಮಗು ಎಲೆಗಳನ್ನೆಲ್ಲ ಬಸ್ಸಿನ ನೆಲಕ್ಕೆ ಚೆಲ್ಲಿತು. ಅವನು ಬಗ್ಗಿ ಒಂದೊಂದಾಗಿ ಆರಿಸಿಕೊಟ್ಟ. "ಇರ್ಲಿ ಬಿಡಿ, ಮತ್ತೆ ಚೆಲ್ತಾನೆ," ಎಂದಳು ಹೆಂಗಸು.

ಕಾರ್ಖಾನೆಯಲ್ಲಿ ಅವನ ಬೆನ್ನ ಹಿಂದೆ ಓಡಾಡುವ ಹೆಸರು 'ಹನ್ನೊಂದು ಸಾಹೇಬ್ರು'. ಹೊಸದಾಗಿ ಬಂದ ಗೇಟಿನ ಕಾವಲುಗಾರ ಒಂದು ಸಲ ಅದನ್ನು ಬೇರೆಯಾಗಿ ತಿಳಿದು, "ಎಲ್ಲಾ ಕಡೆ ಹತ್ತು ಪರ್ಸೆಂಟ್ ತಗೊಳ್ತಾರೆ, ಇವರು ಹನ್ನೊಂದಂತೆ," ಎಂದು ಲಾರಿಯವನಿಗೆ ಪಿಸುಗುಟ್ಟಿದ್ದ. ವಾರವಿಡೀ ಅದೇ ನಗು. ಅವನೂ ನಕ್ಕಿದ್ದ. ನಗುವಾಗ ಕಿವಿ ಬಿಸಿಯಾಗಿತ್ತು. ಈ ಹನ್ನೊಂದಕ್ಕಾಗಿ ಆರು ಕಡೆ ಭಾಷಣಕ್ಕೆ ಕರೆದಿದ್ದರು, ಎರಡು ಫಲಕ ಕೊಟ್ಟಿದ್ದರು. ಬೆಲೆ ಹೆಚ್ಚೆಂದು ಆ ಮಿಶ್ರಲೋಹದಿಂದ ಇಷ್ಟು ವರ್ಷ ಯಾರೂ ಏನೂ ಮಾಡಿಸಿರಲಿಲ್ಲ. ಅದು ಕಾಗದದ ಮೇಲೆ ಸುಖವಾಗಿ ಬದುಕಿತ್ತು. ಅದರ ಮೇಲೆ ಒಬ್ಬ ಮನುಷ್ಯ ಕೂರುವ ಮಾತು ಬಂದದ್ದು ಇದೇ ಮೊದಲು.

ಪರೀಕ್ಷೆಯ ಕೋಣೆಯಲ್ಲಿ ಕಿರಿಯ ಎಂಜಿನಿಯರ್ ಆಗಲೇ ಬಂದು ಕೂತಿದ್ದಳು. ಕೆಲಸದವರು ಅವಳನ್ನು ಪುಟ್ಟ ಮೇಡಂ ಎನ್ನುತ್ತಿದ್ದರು. ಮುರಿದ ಎರಡು ಸರಳುಗಳ ನಾಲ್ಕು ತುಂಡುಗಳನ್ನು ಬಿಳಿ ಹಾಳೆಯ ಮೇಲೆ ಜೋಡಿಸಿ, ಪಕ್ಕದಲ್ಲಿ ಭೂತಗನ್ನಡಿ ಇಟ್ಟಿದ್ದಳು.

"ನೋಡಿ ಸಾರ್, ಇಲ್ಲಿ."

ಬಗ್ಗಿ ನೋಡಿದ. ಬೂದು ಬಣ್ಣದ ಸಣ್ಣ ಹರಳುಗಳ ನಡುವೆ ಉಗುರಿನ ತುದಿಯಷ್ಟು ಕಪ್ಪು ಮಡಿಕೆ. ನೋಡುವ ಮುಂಚೆಯೇ ಅದು ಎಲ್ಲಿರುತ್ತದೆಂದು ಅವನಿಗೆ ಗೊತ್ತಿತ್ತು.

"ಕೆನೆ," ಎಂದ.

"ಕೆನೆನೇ. ಕಣ್ಣಿಗೆ ಕಾಣೋ ದೋಷ ಇದ್ರೆ ಸರಳು ಕೈಬಿಡಬಹುದು ಅಂತ ನಿಯಮ ಇದೆ. ಕಾರಣ ಮಾತ್ರ ಬರೀಬೇಕು. ಹಿಂದೆ ಏನು ಬರ್ದಿದಾರೆ ಅಂತ ಹಳೇ ರಿಜಿಸ್ಟರ್ ತೆಗ್ದು ನೋಡ್ದೆ." ಅವಳ ದನಿ ಚುಚ್ಚುವಂತಿರಲಿಲ್ಲ. ಅದೇ ಅವನಿಗೆ ಕಷ್ಟವಾಯಿತು. "ನೀವು 'ಎರಕದವನ ಅಜಾಗರೂಕತೆ' ಅಂತ ಬರ್ದಿದೀರಿ. ಅದನ್ನೇ ಬರೀಲಾ?"

"ಎರೀವಾಗ ನೀನು ಅಲ್ಲೇ ಇದ್ದೆಯಲ್ಲ?"

"ಇದ್ದೆ ಸಾರ್. ಎರೆದವನ ಕೈ ಒಂದ್ಸಲನೂ ಅಲುಗಾಡ್ಲಿಲ್ಲ. ನಿಮ್ಮ ಹಾಳೇಲಿ ಇರೋ ಹಾಗೇ ಎಂಟು ನಿಮಿಷ ನಿಲ್ಸಿ ನಾನೇ ಎರೆಸ್ದೆ. ಅದಕ್ಕೇ ಗೊಂದಲ. ನಿನ್ನೆ ಈ ತುಂಡುಗಳನ್ನ ಎರಕದಣ್ಣಂಗೆ ತೋರಿಸ್ದೆ."

"ಏನಂದ್ರು?"

"'ಕೂತಿಲ್ಲ' ಅಂದ್ರು. ಅಷ್ಟೇ. ಮತ್ತೆ ಬೋಲ್ಟು ಎಣ್ಸೋಕೆ ಹೋದ್ರು."

ಅವನು ಒಂದು ಜೊತೆ ತುಂಡುಗಳನ್ನು ಎತ್ತಿ, ಮುರಿದ ಮುಖಕ್ಕೆ ಮುಖ ಕೊಟ್ಟು ಒತ್ತಿ ಹಿಡಿದ. ಎಷ್ಟು ಹಿಗ್ಗಿದೆ ಎಂದು ಅಳೆಯುವುದು ಹೀಗೇ. ಮುರಿದದ್ದನ್ನು ಮತ್ತೆ ಕೂಡಿಸಿ, ಮೊದಲು ಗೀಚಿದ್ದ ಎರಡು ಗೆರೆಗಳ ನಡುವಿನ ದೂರ ನೋಡಬೇಕು. ಒತ್ತುವ ಕೈ ಸಡಿಲವಾದರೆ ಸಂದು ಉಳಿದು ಹಿಗ್ಗು ಹೆಚ್ಚು ಕಾಣುತ್ತದೆ. ಆ ತಪ್ಪನ್ನು ಅವನು ಎಂದೂ ಮಾಡಿದವನಲ್ಲ. ಒತ್ತುವುದರಲ್ಲಿ ಅವನಷ್ಟು ಪ್ರಾಮಾಣಿಕ ಈ ಕಾರ್ಖಾನೆಯಲ್ಲಿ ಇಲ್ಲ. ಕೂತಿಲ್ಲ ಸಾರ್, ಇನ್ನೂ ಕೂತಿಲ್ಲ, ಎಂದಿದ್ದ ಎರಕದಣ್ಣ ಆವತ್ತು, ಮುಖದ ಪರದೆ ಎತ್ತಿ, ಕಣ್ಣಿನ ಸುತ್ತ ಬೆವರಿನ ಗೆರೆ. ಗಡಿಯಾರ ನೋಡಿ ಹೇಳಿದ ಮಾತಲ್ಲ ಅದು. ಮೂಸೆಯ ಮೇಲ್ಮೈ ನೋಡಿ, ಕೆನೆ ಇನ್ನೂ ತಳಕ್ಕೆ ಇಳಿದಿಲ್ಲವೆಂದು ಹೇಳಿದ್ದು. ಎಂಟು ನಿಮಿಷ ಆಯ್ತು ಎರೀರಿ, ಎಂದಿದ್ದ ಅವನು. ಇನ್ನೊಂದ್ಹತ್ತು ನಿಮಿಷ ಬಿಡಿ ಸಾರ್. ಹತ್ತು ನಿಮಿಷ ಬಿಟ್ರೆ ಇಡೀ ಪ್ರಯೋಗನೇ ಹೋಯ್ತು, ನಿಮಗೆ ಅದೆಲ್ಲ ಅರ್ಥ ಆಗಲ್ಲ, ಎರೀರಿ. ಸುತ್ತ ನಾಲ್ಕೈದು ಜನ ಇದ್ದರು. ಎರಕದಣ್ಣ ಪರದೆ ಇಳಿಸಿದ. ಎರೆದ, ನೂಲು ಬಿಟ್ಟ ಹಾಗೆ, ಒಂದು ಹನಿ ಆಚೀಚೆ ಆಗದ ಹಾಗೆ. ಆ ಎಂಟು ಸರಳುಗಳಲ್ಲಿ ಆರು ಹನ್ನೊಂದು ದಾಟಿದವು. ಎರಡು ಮೂರರಲ್ಲೇ ಕಡಿದವು. ಎಲ್ಲವನ್ನೂ ಸೇರಿಸಿದ್ದರೆ ಸರಾಸರಿ ಎರಡು ಅಂಶ ಇಳಿಯುತ್ತಿತ್ತು, ಅಷ್ಟೆ. ಆದರೆ ಎರಡಂಕಿಯ ಹಿಗ್ಗು ಎಂದು ಬರೆಯಲು ಆಗುತ್ತಿರಲಿಲ್ಲ. ಆವತ್ತೇ ಅವನು ರಿಜಿಸ್ಟರ್ ತೆರೆದಿದ್ದ. 'ಕೈಬಿಡಲು ಕಾರಣ' ಎಂಬ ಅಂಕಣ ಕಿರಿದಾಗಿತ್ತು, ಎರಡೇ ಮಾತು ಹಿಡಿಸುವಷ್ಟು. ಜಾಗ ಇನ್ನೂ ಸ್ವಲ್ಪ ಅಗಲವಿದ್ದಿದ್ದರೆ ಬೇರೆ ಬರೆಯುತ್ತಿದ್ದೆ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದಾನೆ. ಪ್ರಬಂಧ ಅಚ್ಚಾದ ವಾರ ಕಚೇರಿಯವರು ಆ ಪುಟ ನೋಡಿದರು. ಯಾರ ಮೇಲೂ ದೂರು ಕೊಡಲಿಲ್ಲ ತಾನು, ಅಂಕಣ ತುಂಬಿದೆ, ಅಷ್ಟೆ.

ಆಮೇಲಿನ ಹನ್ನೊಂದು ವರ್ಷ ಎರಕದಣ್ಣ ಉಗ್ರಾಣದ ಜಾಲರಿಯ ಹಿಂದೆ ಕೂತು ಕೈಗವಸು, ಬೋಲ್ಟು, ಸ್ಪ್ಯಾನರು ಎಣಿಸಿ ಕೊಟ್ಟ. ಎರಕದ ಕೆಲಸ ಹೋದರೂ ಎರಕದಣ್ಣ ಎಂಬ ಹೆಸರು ಹೋಗಲಿಲ್ಲ. ಹೊಸಬರು ಯಾಕೆ ಹಾಗನ್ನುತ್ತಾರೆಂದು ತಿಳಿಯದೆಯೇ ಹಾಗನ್ನುತ್ತಿದ್ದರು. ಅವನನ್ನು ಕಂಡಾಗ ಎರಕದಣ್ಣ ಏಳುತ್ತಿದ್ದ, "ನಮಸ್ಕಾರ ಸಾರ್," ಎನ್ನುತ್ತಿದ್ದ. ಆ ನಮಸ್ಕಾರದಲ್ಲಿ ಕುಹಕ ಹುಡುಕಿ ಹುಡುಕಿ ಸೋತಿದ್ದ ಅವನು. ಕುಹಕ ಇದ್ದಿದ್ದರೆ ಎಷ್ಟು ಹಗುರವಾಗುತ್ತಿತ್ತು.

"ಸಾರ್," ಎಂದಳು ಪುಟ್ಟ ಮೇಡಂ. "ಸರಾಸರಿ ಚೆನ್ನಾಗೇ ಇದೆ. ಆದ್ರೆ ಕುರ್ಚೀಲಿ ಕೂರೋರು ಸರಾಸರಿ ಮೇಲೆ ಕೂರಲ್ಲ. ಎರಡು ಕವಲಿನ ಮೇಲೆ ಕೂರ್ತಾರೆ."

ಅವಳು ಅದನ್ನು ರಾತ್ರಿಯೇ ಯೋಚಿಸಿ ಇಟ್ಟುಕೊಂಡಿದ್ದಳೆಂದು ತೋರಿತು. ಮೇಜಿನ ಫೋನು ಬಡಿದುಕೊಂಡಿತು. ಮ್ಯಾನೇಜರ್.

"ಎರಡು ಸರಳು ಹೋಗಿದಾವಂತೆ? ಕೈಬಿಡಿ, ಇನ್ನೆರಡು ಎಳೀರಿ. ನಿಯಮದಲ್ಲೇ ಇದೆಯಲ್ಲ."

"ಇದೆ."

"ಮತ್ತೇನು ಮೀನಮೇಷ? ಅವರು ನಮ್ಮ ಬಾಗಿಲಿಗೆ ಬಂದಿರೋದೇ ನಿಮ್ಮ ಹನ್ನೊಂದು ಕೇಳಿ."

"ಅವರಿಗೆ ಬೇಕಿರೋದು ಐದು."

"ಐದು ಕೇಳ್ದೋರಿಗೆ ಹನ್ನೊಂದು ಕೊಡ್ತೀವಿ ಅಂದ್ರೆ ಯಾರಾದ್ರೂ ಬೇಡ ಅಂತಾರಾ?"

ಕಿವಿಗೆ ಫೋನು ಒತ್ತಿ ಹಿಡಿದಿದ್ದ ಅವನಿಗೆ ತನ್ನ ಉಸಿರೇ ಕೇಳಿಸುತ್ತಿತ್ತು. ಪುಟ್ಟ ಮೇಡಂ ತುಂಡುಗಳನ್ನು ಸುಮ್ಮನೆ ಸರಿಪಡಿಸುತ್ತ, ಕೇಳಿಸಿಕೊಳ್ಳದವಳಂತೆ ನಟಿಸುತ್ತಿದ್ದಳು. ಒಂದು ಕಾರಣ ಬರೆದರೆ ಸಾಕು. ಹನ್ನೊಂದು ಇನ್ನಷ್ಟು ಗಟ್ಟಿಯಾಗುತ್ತದೆ, ಈಗಿನ ಎರಕದವನು ಉಗ್ರಾಣಕ್ಕೆ ಹೋಗುತ್ತಾನೆ, ಎಲ್ಲೋ ಒಂದು ಮೆಟ್ಟಿಲ ಅಂಚಿನಲ್ಲಿ, ಪುಟ್ಟ ಚಕ್ರವೊಂದು ಗಚ್ಚಿಗೆ ಬಡಿದಾಗ... ಅವನಿಗೆ ಕವಲು ಕಂಡಿತು, ಅದರ ಕುತ್ತಿಗೆಯೊಳಗೆ ಮಡಿಚಿ ಮಲಗಿದ ಕೆನೆ ಕಂಡಿತು. ಕುರ್ಚಿಯಲ್ಲಿ ಕೂತವರ ಮುಖ ಮಾತ್ರ ಕಾಣಲಿಲ್ಲ.

"ನಾಲ್ಕಕ್ಕೆ ಆಗಲ್ಲ," ಎಂದ. "ಇವತ್ತು ಮತ್ತೆ ಎರೀತೀವಿ. ಇಪ್ಪತ್ತು ನಿಮಿಷ ನಿಲ್ಲಿಸಿ."

"ಎಷ್ಟು ಬರುತ್ತೆ ಆಗ?"

"ಏಳು. ಆದ್ರೆ ಎಲ್ಲಾನೂ ಏಳು."

"ಏಳಕ್ಕೆಲ್ಲ ಭಾಷಣಕ್ಕೆ ಕರೆಯಲ್ಲ ಸಾರ್," ಎಂದರು ಮ್ಯಾನೇಜರ್, ಮರುಕದಿಂದಲೋ ಏನೋ. "ನಾಳೆ ಹತ್ತು ಗಂಟೆ. ಅದಕ್ಕಿಂತ ಆಚೆ ನಂಗೆ ಅವರನ್ನ ತಡೆಯೋಕಾಗಲ್ಲ." ಎರೆದ ಮೇಲೆ ಸರಳುಗಳನ್ನು ಕುಲುಮೆಯಲ್ಲಿ ಕಾಯಿಸಿ ಹದಗೊಳಿಸಲು ಇಡೀ ಒಂದು ದಿನ ಬೇಕೆಂದು ಅವನು ವಿವರಿಸಿದ. ಚೌಕಾಸಿಯಾಗಿ ನಾಡಿದ್ದು ಬೆಳಿಗ್ಗೆಗೆ ನಿಂತಿತು.

ಫೋನಿಟ್ಟು ಎರಡೂ ರಿಜಿಸ್ಟರ್ ಕೇಳಿದ. ಹೊಸದರಲ್ಲಿ 'ಕೈಬಿಟ್ಟಿಲ್ಲ' ಎಂದು ಬರೆದ. ಹಳೆಯದರಲ್ಲಿ ಆ ಪುಟ ತಾನಾಗಿ ತೆರೆದುಕೊಂಡಿತು, ಪುಟ್ಟ ಮೇಡಂ ಬೆಳಿಗ್ಗೆ ತೆರೆದಿಟ್ಟಿದ್ದರಿಂದ. ತನ್ನ ಅಕ್ಷರ ಆಗ ಎಷ್ಟು ದುಂಡಗಿತ್ತು. 'ಎರಕದವನ ಅಜಾಗರೂಕತೆ' ಎಂಬುದರ ಮೇಲೆ ಒಂದೇ ಗೆರೆ ಎಳೆದ, ಕೆಳಗಿನ ಅಕ್ಷರ ಓದಲು ಬರುವಂತೆ. ತಿದ್ದುವ ಕ್ರಮ ಅದು. ಅಂಕಣದಲ್ಲಿ ಜಾಗವಿಲ್ಲದೆ ಅಂಚಿನಲ್ಲಿ ಅಡ್ಡಡ್ಡ ಬರೆದ: 'ಕರಗಿದ ಲೋಹ ನಿಲ್ಲಿಸಿದ ಅವಧಿ ಸಾಲದು. ಎರೆಯುವವರು ಬೇಡವೆಂದರೂ ಎರೆಸಿದ್ದು ನಾನು.' ಸಹಿ, ಇವತ್ತಿನ ತಾರೀಖು. ಬರೆದು ಮುಗಿದ ಮೇಲೆ ಏನೋ ಇಳಿದುಹೋಗುತ್ತದೆ ಎಂದುಕೊಂಡಿದ್ದ. ಇಳಿಯಲಿಲ್ಲ. ಪೆನ್ನಿನ ಮಸಿ ಒಣಗಲು ಊದಿದ.

"ಪ್ರಬಂಧ ಅಚ್ಚು ಹಾಕಿದವರಿಗೂ ಬರೀಬೇಕು," ಎಂದ. "ಎಂಟರಲ್ಲಿ ಎರಡು ಬಿಟ್ಟಿದ್ದೆ ಅಂತ."

"ಹಾಗಾದ್ರೆ ನಿಮ್ಮನ್ನ ಏನಂತ ಕರೀಬೇಕು ಸಾರ್ ಇನ್ಮೇಲೆ?" ಎಂದುಬಿಟ್ಟು ಪುಟ್ಟ ಮೇಡಂ ನಾಲಿಗೆ ಕಚ್ಚಿಕೊಂಡಳು. ಆ ಹೆಸರು ಅವನಿಗೆ ಗೊತ್ತಿಲ್ಲವೆಂದೇ ಅವಳು ತಿಳಿದಿದ್ದಳು.

ಉಗ್ರಾಣಕ್ಕೆ ಅವನೇ ಹೋದ. ದಾರಿಯಲ್ಲಿ ಮಾತು ಜೋಡಿಸಿಕೊಂಡ: ಎರಕದಣ್ಣ, ಆವತ್ತು ನಾನು ಬರೆದದ್ದು ತಪ್ಪು. ಐದು ಪದ. ಜಾಲರಿಯ ಹಿಂದೆ ಎರಕದಣ್ಣ ಕನ್ನಡಕ ಹಾಕಿಕೊಂಡು ಚೀಲಗಳ ಲೆಕ್ಕ ನೋಡುತ್ತಿದ್ದ. ಕೂದಲು ಪೂರಾ ಬೆಳ್ಳಗಾಗಿತ್ತು. ಇದು ಯಾವಾಗ ಆಯಿತು? ದಿನವೂ ನೋಡುತ್ತಿದ್ದವನಿಗೆ ಕಂಡೇ ಇರಲಿಲ್ಲ.

"ನಮಸ್ಕಾರ ಸಾರ್. ಏನು ಬೇಕು?"

ಹಿಂದೆ ಇನ್ನಿಬ್ಬರು ಕೈಗವಸಿಗಾಗಿ ಬಂದು ನಿಂತರು. "ಒಂದು ಸ್ಪ್ಯಾನರ್," ಎಂದ ಅವನು.

"ಎಷ್ಟರದ್ದು?"

"ಹದಿನೇಳು."

ಎರಕದಣ್ಣ ಒಳಗೆ ಹೋಗಿ ಸ್ಪ್ಯಾನರು ತಂದು, ಪುಸ್ತಕ ತಳ್ಳಿದ. ಅವನು ಸಹಿ ಮಾಡಿದ. ಬೇಡದ ಸ್ಪ್ಯಾನರು ಕೈಯಲ್ಲಿ ತಣ್ಣಗಿತ್ತು. ಹೊರಟವನನ್ನು ಎರಕದಣ್ಣ ತಡೆದ. "ಪುಟ್ಟ ಮೇಡಂ ಈಗ ಫೋನ್ ಮಾಡಿದ್ರು, ನಾನೇ ಎರೀಬೇಕಂತೆ. ಎರಡು ಗಂಟೆಗೆ ಬರ್ತೀನಿ. ನೆಲ ಒಣಗಿರ್ಲಿ, ಒಂದು ಹನಿ ನೀರು ಇರಬಾರ್ದು. ಅಚ್ಚುಗಳನ್ನ ಈಗ್ಲೇ ಬಿಸಿಗೆ ಇಡೋಕೆ ಹೇಳಿ."

"ಹೇಳ್ತೀನಿ," ಎಂದ ಅವನು, ಆಜ್ಞೆ ಪಡೆದವನಂತೆ.

ಎರಡು ಗಂಟೆಗೆ ಮೂಸೆಯ ಸುತ್ತ ಒಣ ಮರಳಿನ ಬಕೆಟ್ಟುಗಳು ಸಾಲಾಗಿ ನಿಂತಿದ್ದವು. ಹೊತ್ತಿಕೊಂಡ ಮೆಗ್ನೀಸಿಯಂಗೆ ನೀರು ಸುರಿದರೆ ಬೆಂಕಿ ಇನ್ನೂ ಹಾರುತ್ತದೆ. ಗಾಳಿ ತಾಗದಂತೆ ಮೂಸೆಯ ಮೇಲೆ ಅನಿಲ ಹಾಯಿಸಿದ್ದರು. ಎರಕದಣ್ಣ ಯಾರದೋ ಏಪ್ರನ್ ಕಟ್ಟಿಕೊಂಡಿದ್ದ, ಹೊಟ್ಟೆಗೆ ದಾರ ಸಾಲದೆ ಈಗಿನ ಎರಕದವನು ಹಿಂದೆ ತಂತಿ ಸೇರಿಸಿ ಬಿಗಿದ. "ಉಗ್ರಾಣದಲ್ಲಿ ಊಟ ಚೆನ್ನಾಗಿದೆ ಅನ್ಸುತ್ತೆ ಅಣ್ಣ." "ಊಟ ಅಲ್ಲಪ್ಪ, ಕೂತಿದ್ದು." ಯಾರೋ ನಕ್ಕರು. ಕಲಕುವುದು ಮುಗಿಯಿತು, ಮುಚ್ಚಳ ಬಿತ್ತು, ಪುಟ್ಟ ಮೇಡಂ ಗಡಿಯಾರ ಒತ್ತಿದಳು. ಎಂಟು ನಿಮಿಷವಾದಾಗ ಅವನ ಮೈ ತಾನಾಗಿ ಮುಂದಕ್ಕೆ ವಾಲಿತು. ಬಾಯಿಯಲ್ಲಿ 'ಎರೀರಿ' ಎಂಬ ಆ ಮಾತು ಸಿದ್ಧವಾಗಿತ್ತು. ಯಾರೂ ಅವನತ್ತ ನೋಡುತ್ತಿರಲಿಲ್ಲ. ಈಗ ಆ ದ್ರವದೊಳಗೆ, ಕಣ್ಣಿಗೆ ಕಾಣದಷ್ಟು ಸಣ್ಣ ಭಾರದ ಚೂರುಗಳು ಒಂದೊಂದಾಗಿ ತಳಕ್ಕೆ ಇಳಿಯುತ್ತಿವೆ. ಅವನ ಲೆಕ್ಕದಲ್ಲಿ ಹಿಗ್ಗು ಹತ್ತು ಪರ್ಸೆಂಟಿಗೆ ಇಳಿಯಿತು. ಒಂಬತ್ತೂವರೆಗೆ ಇಳಿಯಿತು. ಅವನ ಫಲಕಗಳು, ಭಾಷಣದ ಕೊನೆಯ ಚಪ್ಪಾಳೆ, ಮೊದಲ ಸಾಲಿನಲ್ಲಿ ತಲೆದೂಗುತ್ತಿದ್ದ ಹಿರಿಯರು, ಎಲ್ಲವೂ ಮೆಲ್ಲಗೆ ಬೂದಿಯಂತೆ ಮೂಸೆಯ ತಳದಲ್ಲಿ ಕೂರುತ್ತಿದ್ದವು. ಅವುಗಳ ಜೊತೆ ಹರಿದ ಕೆನೆಯೂ ಇಳಿಯುತ್ತಿತ್ತೆಂದು ಬಲವಂತವಾಗಿ ನೆನಪಿಸಿಕೊಂಡ. ಹದಿನಾಲ್ಕು ನಿಮಿಷ. ಇಷ್ಟು ಹೊತ್ತು ಏನೂ ಮಾಡದೆ, ಏನೂ ಹೇಳದೆ, ಇನ್ನೊಬ್ಬರ ತೀರ್ಮಾನಕ್ಕಾಗಿ ಕಾದು ಅವನು ನಿಂತದ್ದು ಯಾವಾಗ ಎಂದು ನೆನಪಾಗಲಿಲ್ಲ. ಇಪ್ಪತ್ತಾಯಿತು. ಪುಟ್ಟ ಮೇಡಂ ಕೈ ಎತ್ತಿದಳು. ಎರಕದಣ್ಣ ಮುಚ್ಚಳ ಸರಿಸಿ ಮೇಲ್ಮೈ ನೋಡಿದ, ತಲೆ ಅಲ್ಲಾಡಿಸಿದ, ಮತ್ತೆ ಮುಚ್ಚಿದ. ಇಪ್ಪತ್ತೊಂದು. ಇಪ್ಪತ್ತೆರಡೂವರೆಗೆ ಯಾರಿಗೂ ಏನೂ ಹೇಳದೆ ಪರದೆ ಇಳಿಸಿಕೊಂಡು ಮೂಸೆ ಬಗ್ಗಿಸಿದ.

ಬೆಳ್ಳಿಯ ನೂಲು ಮೊದಲ ಅಚ್ಚಿಗೆ ಇಳಿಯಿತು. ಸದ್ದಿಲ್ಲ, ಸಿಡಿತವಿಲ್ಲ. ಎರಡನೆಯದು ತುಂಬಿತು. ಅದೇ ಕೈ, ಹನ್ನೊಂದು ವರ್ಷ ಬೋಲ್ಟು ಎಣಿಸಿದ ಕೈ, ತನ್ನ ಕೆಲಸವನ್ನು ಒಂದು ದಿನವೂ ಬಿಟ್ಟೇ ಇರಲಿಲ್ಲವೇನೋ ಎಂಬಂತೆ. ಅವನಿಗೆ ಇನ್ನು ತಡೆಯಲಾಗದು ಎನಿಸಿತು. ಇಷ್ಟು ಜನರ ಮುಂದೆ ಅಂದದ್ದನ್ನು ಇಷ್ಟು ಜನರ ಮುಂದೆಯೇ ಹಿಂದಕ್ಕೆ ತೆಗೆದುಕೊಳ್ಳಬೇಕು, ಈಗಲೇ. ಎರಡು ಹೆಜ್ಜೆ ಮುಂದೆ ಹೋಗಿ, ಮುಖದ ಪರದೆಯೊಳಗಿಂದ ಗಟ್ಟಿಯಾಗಿ ಹೇಳಿದ:

"ಎರಕದಣ್ಣ, ಆವತ್ತು ನಾನು ಬರೆದದ್ದು..."

"ಈಗ ಮಾತಾಡ್ಬೇಡಿ ಸಾರ್," ಎಂದ ಎರಕದಣ್ಣ, ತಿರುಗದೆ, ಬಗ್ಗಿದ ಮೂಸೆಯನ್ನು ಕೂದಲೆಳೆಯಷ್ಟೂ ಅಲುಗಿಸದೆ. "ಎರೀತಾ ಇದೀನಿ."

ಅವನು ಹಿಂದೆ ಸರಿದು, ಉಳಿದವರ ಸಾಲಿನಲ್ಲಿ ನಿಂತುಕೊಂಡ. ಇನ್ನೂ ಹತ್ತು ಅಚ್ಚು ಬಾಕಿ ಇದ್ದವು.